ನಾಗರವೋ ಕೇರೆಯೋ, ಹೆಸರು ಬರೆಯಿರಿ

ಮಾನ್ಯ ಆಹಾರ ಸುರಕ್ಷತಾ ಆಯುಕ್ತರೇ,

ಇದು ನಿಮಗೆ ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಮಗಳು ಆರು ತಿಂಗಳ ಬಸುರಿಯಾಗಿದ್ದಾಗ ತಿಂದ ಆಹಾರದ ಮೇಲೆ ಅನುಮಾನ ಬಂತು. ಉಳಿದದ್ದನ್ನು ಪರೀಕ್ಷೆಗೆ ಕೊಟ್ಟೆವು. 19 ದಿನ ಕಾದ ಮೇಲೆ ವರದಿ ಬಂತು. ಒಂದೇ ಸಾಲು: 'ಲಿಸ್ಟೀರಿಯಾ ಪ್ರಭೇದ ಪತ್ತೆಯಾಗಿದೆ.'

ಲಿಸ್ಟೀರಿಯಾ ಅಂದರೆ ಆಹಾರದಲ್ಲಿ ಸೇರಿಕೊಳ್ಳುವ ಬ್ಯಾಕ್ಟೀರಿಯಾಗಳ ಒಂದು ಗುಂಪು. ಅದರಲ್ಲಿ ಯಾವ ಪ್ರಭೇದ ಸ್ವಾಮಿ? ಲಿಸ್ಟೀರಿಯಾ ಇನೊಕುವಾ ಆದರೆ ಅಷ್ಟೇನೂ ಭಯವಿಲ್ಲ. ಮೊನೊಸೈಟೊಜಿನಿಸ್ ಆದರೆ ಹೊಟ್ಟೆಯಲ್ಲಿರುವ ಕೂಸಿನ ಜೀವಕ್ಕೇ ಕುತ್ತು. ಮನೆಯೊಳಗೆ ಹಾವಿದೆ ಎಂದು ಕೂಗಿ, ನಾಗರವೋ ಕೇರೆಯೋ ಹೇಳದೆ ಹೊರಟುಹೋದಂತಾಯಿತು.

ಕೇಳಲು ಹೋದೆ. 'ಬ್ಯಾಕ್ಟೀರಿಯಾ ಅಂದ್ರೆ ಬ್ಯಾಕ್ಟೀರಿಯಾ, ಹೆಸರು ತಗೊಂಡು ನೀವೇನ್ ಮಾಡ್ತೀರಿ?' ಎಂದರು ಕಿಟಕಿಯ ಆಚೆ ಕೂತವರು. ನಾಮಕರಣಕ್ಕಂತೂ ಅಲ್ಲ ಎನ್ನಬೇಕೆನಿಸಿತು. ಸುಮ್ನೆ ಬಂದೆ. ಈ ಸೋಂಕು ಒಮ್ಮೊಮ್ಮೆ ವಾರಗಟ್ಟಲೆ ಅಡಗಿದ್ದು ಆಮೇಲೆ ತೋರುತ್ತದೆ. ಅಷ್ಟೂ ವಾರ ರಾತ್ರಿ ಎದ್ದೆದ್ದು ಅವಳ ಹಣೆ ಮುಟ್ಟಿ ನೋಡಿದ್ದೇನೆ. ಮಗು ಚೆನ್ನಾಗಿಯೇ ಹುಟ್ಟಿತು. ಅದರಲ್ಲಿ ನಿಮ್ಮ ವರದಿಯ ಪಾಲೇನೂ ಇಲ್ಲ.

ನಿಯಮ, ವಿಧಾನ ಎರಡೂ ನಿಮಗೆ ಗೊತ್ತು, ಅಲ್ವಾ? ಮಾದರಿಯನ್ನು ಒಂದೆರಡು ದಿನ ಬೆಳೆಸಬೇಕು, ಒಪ್ಪಿದೆ. ಆಮೇಲೆ ಜೀನ್ ಗುರುತಿಸುವ ಪರೀಕ್ಷೆಯಾದ ಪಿಸಿಆರ್‌ಗೆ ಬೇಕಾದದ್ದು ಕೆಲವೇ ಗಂಟೆ. ಎಚ್‌ಎಲ್‌ವೈಎ ಎಂಬ ಜೀನ್ ಮೊನೊಸೈಟೊಜಿನಿಸ್‌ನಲ್ಲಿ ಇರುತ್ತದೆ, ಇನೊಕುವಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನ್ ಓದಿ ಕೈತೊಳೆದುಕೊಂಡರೆ ಸಾಲದು. ಸುಮಾರು 1500 ಡಿಎನ್‌ಎ ಅಕ್ಷರಗಳ ಆ ಜೀನ್ ಇವೆರಡರಲ್ಲೂ ಹೆಚ್ಚುಕಡಿಮೆ ಒಂದೇ. ಪಿಸಿಆರ್ ಹುಟ್ಟಿದ್ದು 1983ರಲ್ಲಿ. ಹೊಸದು, ಇನ್ನೂ ಕಲಿಯುತ್ತಿದ್ದೇವೆ ಎನ್ನುವ ಹಾಗೂ ಇಲ್ಲ! ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಲಿಸ್ಟೀರಿಯಾ ಸಾವಿರಕ್ಕೂ ಜಾಸ್ತಿ ಜನರಿಗೆ ತಗುಲಿದಾಗ, ಅದರ ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿ ಅದು ಹೊರಟ ಕಾರ್ಖಾನೆಯನ್ನೇ ಹಿಡಿದರು. ನಾನು ಅಷ್ಟು ಕೇಳುತ್ತಿಲ್ಲ. ವರದಿಯಲ್ಲಿ ಪ್ರಭೇದದ ಹೆಸರು ಬರೆಯಿರಿ.

ನಮ್ಮ ಮಾದರಿಯನ್ನು ಆಗಲೇ ಎಸೆದಿದ್ದಾರಂತೆ. ಹೋಗಲಿ. ಮುಂದಿನವರ ವರದಿಯಲ್ಲಾದರೂ ಹೆಸರು ಬರೆಯಿರಿ. ಬಸುರಿಯರ, ಹಸುಗೂಸುಗಳ, ವಯಸ್ಸಾದವರ ಮಾದರಿಗಳಿಗೆ ಮೊದಲು ಬರೆಯಿರಿ. ಈ ಪತ್ರಕ್ಕೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಮಾತ್ರ ಬೇಡ. ಯಾವ ತಾರೀಖಿನಿಂದ ಬರೆಯುತ್ತೀರಿ, ಅದನ್ನು ಹೇಳಿ.

ಇಂತಿ,
ಆ ಒಂದು ಸಾಲಿನ ವರದಿಯನ್ನು ಇನ್ನೂ ಇಟ್ಟುಕೊಂಡಿರುವ ಒಬ್ಬ ಅಜ್ಜಿ