ಕಂಪ್ಯೂಟರ್ ಕೋಣೆಯ ಬೀಗದ ಕೈ ಎಲ್ಲಿರಬೇಕು?

ಸಂಪಾದಕರೇ,

ನನ್ನ ಮಗಳು ಬ್ರಹ್ಮಾವರ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಆ ಶಾಲೆಗೆ ದಾನಿಗಳು ನಾಲ್ಕು ಕಂಪ್ಯೂಟರ್ ಕೊಟ್ಟಿದ್ದರು. ಉದ್ಘಾಟನೆ ಆಯಿತು, ಫೋಟೋ ಬಂತು, ಆಮೇಲೆ ಕೋಣೆಗೆ ಬೀಗ. ಬೀಗದ ಕೈ ಆಗಿನ ಮುಖ್ಯೋಪಾಧ್ಯಾಯರ ಡ್ರಾವರಿನಲ್ಲಿ. ಹಾಳಾದರೆ ರಿಪೇರಿಗೆ ದುಡ್ಡು ಎಲ್ಲಿಂದ ಎಂಬ ಹೆದರಿಕೆ ಅವರಿಗೆ. ಆದರೆ ನಮ್ಮ ಕರಾವಳಿಯ ಮಳೆಗೆ ಮುಚ್ಚಿಟ್ಟದ್ದೇ ಬೇಗ ಹಾಳಾಗುವುದು ಅಲ್ವಾ? ಆಟಿ ತಿಂಗಳ ಮಳೆ ಕಳೆದು ಹೊದಿಸಿದ್ದ ಬಟ್ಟೆ ಸರಿಸಿದಾಗ ಕೀಬೋರ್ಡಿನ ಮೇಲೆ ಬೂಸ್ಟು ಹಿಡಿದಿತ್ತು.

ವಿಜ್ಞಾನದ ಟೀಚರ್ ಮಾತ್ರ ಸುಮ್ನೆ ಕೂರಲಿಲ್ಲ. ಪಾಠಪುಸ್ತಕದ ಕ್ಯೂಆರ್ ಕೋಡನ್ನು ತಮ್ಮದೇ ಫೋನಿನಲ್ಲಿ ಸ್ಕ್ಯಾನ್ ಮಾಡಿ, ತಮ್ಮದೇ ಡೇಟಾ ಖರ್ಚು ಮಾಡಿ ಸರಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೋ ತೋರಿಸುತ್ತಿದ್ದರು. ಅಂಗೈಯಷ್ಟು ಪರದೆಗೆ ಇಡೀ ಕ್ಲಾಸು ಮುತ್ತಿಕೊಂಡರೆ ಹಿಂದೆ ನಿಂತವರಿಗೆ ಬರೀ ಶಬ್ದ.

ಕಳೆದ ವರ್ಷ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ಬೀಗದ ಕೈ ಸ್ಟಾಫ್ ರೂಮಿನ ಮೊಳೆಗೆ ಬಂತು. ಶನಿವಾರ ಕ್ಲಾಸು ಬಿಟ್ಟ ಮೇಲೆ ಒಂದು ಗಂಟೆ ಟೀಚರುಗಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮುಖ್ಯೋಪಾಧ್ಯಾಯಿನಿಯೂ ಜೊತೆಗೆ ಕೂತು "ನನಗೂ ಇದು ಬರುವುದಿಲ್ಲ, ತೋರಿಸಿ" ಅನ್ನುತ್ತಾರೆ. ದೊಡ್ಡವರೇ ಹಾಗೆ ಕೇಳಿದ ಮೇಲೆ ಮೌಸ್ ಮುಟ್ಟಲು ಅಂಜುತ್ತಿದ್ದ ಕನ್ನಡ ಮೇಷ್ಟ್ರಿಗೂ ಧೈರ್ಯ ಬಂತು. ಈಗ ಅವರ ಕ್ಲಾಸಿನ ಮಕ್ಕಳು ಮನೆಯ ಅಜ್ಜಿಯಂದಿರು ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಓಬೇಲೆ ಎಂಬ ತುಳು ಹಾಡು ರೆಕಾರ್ಡ್ ಮಾಡಿ ತಂದು, ಕೇಳಿ ಕೇಳಿ ಟೈಪ್ ಮಾಡುತ್ತಾರೆ.

ಇನ್ನೊಂದು ಹೇಳಲೇಬೇಕು. ಮಳೆ ಜೋರಾದರೆ ಸಾಕು, ನಾಳೆ ಶಾಲೆಗೆ ರಜೆ ಎಂದು ಹಳೇ ಆದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಈ ಸಲ ನಾನು ಅದನ್ನೇ ನಂಬಿ ಮುಂದಕ್ಕೆ ಕಳಿಸಲು ಹೊರಟಿದ್ದೆ. ಮಗಳು ಫೋನು ಇಸಕೊಂಡು ತಾರೀಕು ತೋರಿಸಿದಳು. ಶಾಲೆಯಲ್ಲಿ ಹೇಳಿಕೊಟ್ಟದ್ದಂತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ಕಲಿಕೆ ಬೇಕು ಎನ್ನುತ್ತದೆ. ಸರಿ, ಆದರೆ ಮಕ್ಕಳ ವಿವರದ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ ಎಲ್ಲಾ ಟೀಚರ ತಲೆಗೇ ಕಟ್ಟಿದರೆ ಆ ಗಂಟೆಗಳು ಬರುವುದೆಲ್ಲಿಂದ? ನಮ್ಮ ಶಾಲೆಯಲ್ಲಿ ಈ ಕೆಲಸವನ್ನು ಸರದಿಯಲ್ಲಿ ಹಂಚಿದ್ದಾರೆ, ಮುಖ್ಯೋಪಾಧ್ಯಾಯಿನಿಯ ಹೆಸರೂ ಆ ಸರದಿಯಲ್ಲಿದೆ. ಉಡುಪಿ ಜಿಲ್ಲೆಯ ಉಳಿದ ಶಾಲೆಗಳ ಮುಖ್ಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವಾಗಲೇ ಟೀಚರುಗಳು ಕಲಿಯುವ ಆ ಒಂದು ಗಂಟೆಯನ್ನೂ ಬರೆದುಬಿಡಿ.

– ಓರ್ವ ಪೋಷಕಿ, ಬ್ರಹ್ಮಾವರ