ಪಹಣಿಯ ಒಂಬತ್ತನೇ ಕಾಲಂ

ಮಾನ್ಯರೇ,

ರೈತರ ಬ್ಯಾಂಕ್ ಖಾತೆಗೆ ಕೇಂದ್ರ ಸರ್ಕಾರ ನೇರವಾಗಿ ಹಣ ಹಾಕುವ ಪಿಎಂ-ಕಿಸಾನ್ ಯೋಜನೆ 2019ರಲ್ಲಿ ಆರಂಭವಾಯಿತು. ವರ್ಷಕ್ಕೆ ₹6,000, ಮೂರು ಕಂತು. ನಮ್ಮ ಪಕ್ಕದ ಹೊಲದ ಅಜ್ಜಿಗೆ ಇಂದಿನವರೆಗೂ ಒಂದೇ ಒಂದು ಕಂತು ಬಂದಿಲ್ಲ. ಪಹಣಿಯಲ್ಲಿ ಜಮೀನಿನ ಮಾಲೀಕರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಇನ್ನೂ ಇರುವುದು ಎಂದೋ ತೀರಿಕೊಂಡ ಅವರ ಮಾವನ ಹೆಸರು! ಉತ್ತು, ಬಿತ್ತಿ, ರಾಗಿ ಕೊಯ್ಯುವವರು ಇವರು. ಅದೇ ಕಾರಣಕ್ಕೆ ಬೆಳೆ ಪರಿಹಾರವೂ ಇಲ್ಲ. ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ಮರಣ ಪ್ರಮಾಣಪತ್ರ, ವಂಶವೃಕ್ಷಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಲೆಯುತ್ತಾರೆ. ಪ್ರತಿ ಬಾರಿಯೂ ಒಂದು ಕಾಗದ ಕಡಿಮೆ. ಹೋಗಿಬರುವ ಬಸ್ ಖರ್ಚಿಗೆ ಅರ್ಧ ದಿನದ ಕೂಲಿ ಹೋಗುತ್ತದೆ.

ಜಮೀನಿನ ಖಾತೆ ತಮ್ಮ ಹೆಸರಲ್ಲೇ ಇದ್ದವರ ಪಾಡೂ ಬೇರೆಯಲ್ಲ. ನನ್ನ ತಾಯಿಗೆ ಬರುತ್ತಿದ್ದ ಹಣ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಇಲ್ಲವೆಂದು ನಿಂತಿತು. ಐವತ್ತು ವರ್ಷ ಕಳೆ ಕಿತ್ತ ಬೆರಳು. ಬೆರಳಚ್ಚು ಯಂತ್ರಕ್ಕೆ ಗೆರೆಯೇ ಸಿಗಲಿಲ್ಲ. ಮುಖಚಹರೆಯ ಮೂಲಕ ದೃಢೀಕರಿಸುವ ಸೌಲಭ್ಯ 2023ರಲ್ಲೇ ಬಂದಿದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ರಾಜ್ಯ ಸರ್ಕಾರ ಸೇರಿಸಿ ಕೊಡುತ್ತಿದ್ದ ₹4,000 ಅಂತೂ ನಿಂತೇಹೋಯಿತು. ಕೋರಿಗೆ (ಬೆಳೆಯ ಪಾಲಿಗೆ) ಬೇರೆಯವರ ಹೊಲ ಮಾಡುವವರಿಗೆ, ಗುತ್ತಿಗೆ ರೈತರಿಗೆ ಪಿಎಂ-ಕಿಸಾನ್ ಯೋಜನೆಯಲ್ಲಿ ಜಾಗವೇ ಇಲ್ಲ.

ಪೌತಿ ಖಾತೆಯ ಅರ್ಜಿಗಳನ್ನು ಕಂದಾಯ ಸಿಬ್ಬಂದಿ ಹಳ್ಳಿಗೇ ಬಂದು, ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಪಡೆಯಲಿ. ಯಾವ ಕಾಗದ ಕಡಿಮೆ ಎಂಬುದನ್ನು ಮೊದಲ ದಿನವೇ ಬರೆದು ಕೊಡಲಿ. ಮುಂದಿನ ಬಿತ್ತನೆಗೆ ಮೊದಲು ಇದಾಗಬೇಕು.

– ಒಬ್ಬ ರೈತ, ತುಮಕೂರು ಜಿಲ್ಲೆ