ಟರ್ಮಿನಲ್ ತೆರೆಯುವುದನ್ನೂ ಕಲಿಸಿ, ಹಿಂದಿನ ಬೆಂಚಿಗೂ ಅಕ್ಷರ ಕಾಣಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನದ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಫೋನು, ಅದರ ಕ್ಯಾಮೆರಾ, ಅದರ ಬೆಲೆ, ಎಲ್ಲ ಬರುತ್ತದೆ. ಬರಲಿ, ಓದುವವರಿದ್ದಾರೆ. ಆದರೆ ನಮ್ಮ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ದಿನಾ ನಡೆಯುವ ಒಂದು ತೊಂದರೆ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಬಿಸಿಎ ಮಕ್ಕಳ ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಲ್ಯಾಬ್ ನನ್ನದು. ಮೊದಲ ದಿನ ಮಕ್ಕಳಿಗೆ ಹೇಳುವುದು ಒಂದೇ ಮಾತು, "ಟರ್ಮಿನಲ್ ಓಪನ್ ಮಾಡಿ". ಅವರು ಐಕಾನ್ ಒತ್ತುತ್ತಾರೆ, ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ಬರುತ್ತದೆ, ಅಲ್ಲಿಂದ ಪಾಠ ಶುರು. ಆ ಕಿಟಕಿಯ ಒಳಗೆ ಏನು ಟೈಪ್ ಮಾಡಬೇಕು ಅಂತ ಮ್ಯಾನುಯಲ್‌ನಲ್ಲಿ ಪುಟಗಟ್ಟಲೆ ಇದೆ. ಆ ಕಿಟಕಿಯನ್ನೇ ನಮಗೆ ಬೇಕಾದ ಹಾಗೆ ತೆರೆಯಬಹುದು, ಒಂದೇ ಸಾಲಿನಲ್ಲಿ ಅಕ್ಷರದ ಗಾತ್ರ, ಬಣ್ಣ, ಜಾಗ, ಒಳಗೆ ಓಡಬೇಕಾದ ಪ್ರೋಗ್ರಾಂ ಎಲ್ಲ ಹೇಳಬಹುದು ಅಂತ ನಮ್ಮ ಮ್ಯಾನುಯಲ್‌ನಲ್ಲಿ ಒಂದು ಗೆರೆಯೂ ಇಲ್ಲ. ನಾನೂ ಎಷ್ಟೋ ವರ್ಷ ಹೇಳಿಕೊಡಲಿಲ್ಲ.

ಕಣ್ಣು ತೆರೆಸಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಪ್ರೊಜೆಕ್ಟರ್‌ನಲ್ಲಿ ನಾನು ಫೈಲುಗಳ ಪಟ್ಟಿ ಕೊಡುವ "ಎಲ್‌ಎಸ್ ಮೈನಸ್ ಎಲ್" ಕಮಾಂಡ್ ತೋರಿಸುತ್ತಿದ್ದೆ. ಅವಳು ಕೈ ಎತ್ತಿದಳು. "ಸರ್, ನಂಗೆ ಬರೀ ಹೆಸರು ಬರ್ತಿದೆ, ಪರ್ಮಿಷನ್ನೇ ಬರ್ತಿಲ್ಲ." ಹೋಗಿ ನೋಡಿದರೆ ಮೈನಸ್ ಆದಮೇಲೆ ಎಲ್ ಅಕ್ಷರದ ಬದಲು 1 ಅನ್ನುವ ಅಂಕಿ ಒತ್ತಿದ್ದಾಳೆ. ಇಂಗ್ಲಿಷ್‌ನ ಸಣ್ಣ ಎಲ್‌ಗೂ ಒಂದಕ್ಕೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ, ಅಲ್ವಾ. ಎರಡೂ ಸರಿಯಾದ ಕಮಾಂಡೇ. ಎಲ್ ಕೊಟ್ಟರೆ ಪರ್ಮಿಷನ್ (ಫೈಲನ್ನು ಯಾರು ಓದಬಹುದು, ಬದಲಿಸಬಹುದು ಅನ್ನುವುದು) ಸೇರಿ ಪೂರ್ತಿ ವಿವರ, 1 ಕೊಟ್ಟರೆ ಸಾಲಿಗೊಂದು ಹೆಸರು ಮಾತ್ರ. ಹಾಗಾಗಿ ತಪ್ಪು ಅಂತ ಕಂಪ್ಯೂಟರ್ ಕೂಡ ಹೇಳುವುದಿಲ್ಲ. ಪಕ್ಕದವಳು ಏನು ಮಾಡಿದ್ದಳು ಗೊತ್ತಾ? ಪರದೆಯ ಫೋಟೋ ತೆಗೆದು, ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಓದುತ್ತಿದ್ದಳು. ಇಬ್ಬರೂ ಒಂದು ಸಲವೂ "ಕಾಣ್ತಿಲ್ಲ ಸರ್" ಅಂದಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಸಂಕೋಚಕ್ಕೆ ಕೇಳುವುದಿಲ್ಲ, ಅದು ನನಗೆ ಗೊತ್ತಿರಬೇಕಿತ್ತು.

ಅವತ್ತು ಸಂಜೆ ಕೂತು ಎಕ್ಸ್‌ಟರ್ಮ್‌ನ ಮ್ಯಾನ್ ಪೇಜ್, ಅಂದರೆ ಕಂಪ್ಯೂಟರ್‌ನಲ್ಲೇ ಇರುವ ಅದರ ಕೈಪಿಡಿ, ಮೊದಲಿನಿಂದ ಕೊನೆಯವರೆಗೆ ಓದಿದೆ. ಎಕ್ಸ್‌ಟರ್ಮ್ ಅನ್ನುವುದು ಬಹಳ ಹಳೆಯ ಟರ್ಮಿನಲ್ ಎಮ್ಯುಲೇಟರ್, ಅಂದರೆ ಅಂಥ ಕಿಟಕಿ ತೆರೆಯುವ ಪ್ರೋಗ್ರಾಂ. 1984ರಲ್ಲಿ, ಪರದೆ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ ಕಾಲದಲ್ಲೇ ಶುರುವಾದದ್ದು. 1996ರಿಂದ ಥಾಮಸ್ ಡಿಕಿ ಅನ್ನುವವರು ಅದನ್ನು ನೋಡಿಕೊಂಡು ಬಂದಿದ್ದಾರೆ. ನಮ್ಮ ಲಿನಕ್ಸ್ ಆದ ಉಬುಂಟುವಿನಲ್ಲಿ ಇಲ್ಲದಿದ್ದರೆ ಹಾಕಿಕೊಳ್ಳಲು ಒಂದು ನಿಮಿಷ ಸಾಕು, ಹಳೇ ಮೆಷಿನ್‌ನಲ್ಲೂ ಹಗುರವಾಗಿ ಓಡುತ್ತದೆ.

ಈಗ ಆ ಸಾಲು. ಪತ್ರಿಕೆಗೆ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಮಕ್ಕಳಿಗೂ ಬಾಯಲ್ಲಿ ಹೀಗೇ ಹೇಳುವುದು. ಕೀಬೋರ್ಡಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಒತ್ತಬೇಕು, ಮೈನಸ್‌ಗೂ ಅದರ ಹಿಂದಿನ ಪದಕ್ಕೂ ನಡುವೆ ಜಾಗ ಬಿಡಬೇಕು.

ಎಕ್ಸ್‌ಟರ್ಮ್ -ಎಫ್‌ಎ ಮಾನೊಸ್ಪೇಸ್ -ಎಫ್‌ಎಸ್ 24 -ಬಿಜಿ ವೈಟ್ -ಎಫ್‌ಜಿ ಬ್ಲ್ಯಾಕ್

ಎಫ್‌ಎ ಅಂದರೆ ಯಾವ ಫಾಂಟು, ಎಫ್‌ಎಸ್ ಅಂದರೆ ಎಷ್ಟು ದೊಡ್ಡದು. ಬಿಜಿ ಹಿನ್ನೆಲೆಯ ಬಣ್ಣ, ಎಫ್‌ಜಿ ಅಕ್ಷರದ ಬಣ್ಣ. ನಾನು ಮೊದಲು ಎಫ್‌ಎಸ್ ಒಂದನ್ನೇ ಕೊಟ್ಟು, ಅಕ್ಷರ ಯಾಕೆ ದೊಡ್ಡದಾಗುತ್ತಿಲ್ಲ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ. ಫಾಂಟಿನ ಹೆಸರು ಹೇಳದಿದ್ದರೆ ಎಕ್ಸ್‌ಟರ್ಮ್ ತನ್ನ ಹಳೇ ಚುಕ್ಕಿ ಫಾಂಟನ್ನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಎಫ್‌ಎಸ್ ತಾಗುವುದಿಲ್ಲ. ಎರಡೂ ಜೊತೆಗೇ ಬೇಕು. ಇನ್ನು ಬಣ್ಣದ ವಿಷಯ. ನಮ್ಮ ಲ್ಯಾಬಿಗೆ ಪಶ್ಚಿಮದ ಕಿಟಕಿ, ಪರದೆ ಬಟ್ಟೆ ಇಲ್ಲ. ಮಧ್ಯಾಹ್ನ ಮೂರರ ಬಿಸಿಲಿಗೆ ಕಪ್ಪು ಹಿನ್ನೆಲೆ ಪ್ರೊಜೆಕ್ಟರ್‌ನಲ್ಲಿ ಬೂದಿ ಬಣ್ಣ ಆಗಿ ಅಕ್ಷರ ಎಲ್ಲ ಕರಗಿ ಹೋಗುತ್ತದೆ. ಬಿಳಿ ಮೇಲೆ ಕಪ್ಪು ಇಟ್ಟರೆ ಗೋಡೆಯ ತನಕ ಕಾಣುತ್ತದೆ. ಮಾರನೇ ದಿನ ಆ ಹುಡುಗಿ ಫೋನ್ ಬ್ಯಾಗಿಂದ ತೆಗೆಯಲೇ ಇಲ್ಲ.

ಕಿಟಕಿಯ ಅಳತೆ ಬಗ್ಗೆಯೂ ಒಂದು ಮಾತು, ಇಲ್ಲಿ ಎಲ್ಲರೂ ಎಡವುತ್ತಾರೆ. "-ಜಿಯೋಮೆಟ್ರಿ" ಅಂತ ಒಂದು ಆಪ್ಷನ್ ಇದೆ. ಒಬ್ಬ ಹುಡುಗ ಅದಕ್ಕೆ 800 ಎಕ್ಸ್ 600 ಅಂತ ಕೊಟ್ಟ, ಫೋಟೋ ಅಳತೆ ಕೊಡುವ ಹಾಗೆ. ಕಿಟಕಿ ಪರದೆ ದಾಟಿ ಎಲ್ಲೋ ಹೋಯಿತು, ಮುಚ್ಚುವ ಗುಂಡಿಯೂ ಸಿಗಲಿಲ್ಲ. ಇಲ್ಲಿ ಲೆಕ್ಕ ಅಕ್ಷರದ್ದು. 80 ಎಕ್ಸ್ 24 ಅಂದರೆ ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 24 ಸಾಲು. ಈ 80, 24 ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರೆ ನನಗೆ ಖುಷಿ. ಡಿಇಸಿ ಕಂಪನಿ 1978ರಲ್ಲಿ ತಂದ ವಿಟಿ100 ಅನ್ನುವ ಟರ್ಮಿನಲ್ ನಿಜವಾಗಿಯೂ ಮೇಜಿನ ಮೇಲೆ ಇಡುವ ಒಂದು ಮೆಷಿನ್ ಆಗಿತ್ತು, ಪರದೆ ಮತ್ತು ಕೀಬೋರ್ಡ್ ಮಾತ್ರ, ಲೆಕ್ಕ ಮಾಡುವ ಕಂಪ್ಯೂಟರ್ ಬೇರೆ ಕೋಣೆಯಲ್ಲಿ. ಅದರ ಪರದೆಯಲ್ಲಿ 80 ಅಕ್ಷರದ 24 ಸಾಲು ಹಿಡಿಯುತ್ತಿತ್ತು. ನಾವು ಇವತ್ತು ತೆರೆಯುವ ಕಿಟಕಿ ಅಂಥ ಮೆಷಿನ್‌ಗಳ ವೇಷ ಹಾಕಿ ಕೂತಿರುವುದು, ಎಮ್ಯುಲೇಟರ್ ಅನ್ನುವುದು ಅದಕ್ಕೇ. ಅಳತೆ ಆದಮೇಲೆ +0+0 ಅಂತ ಸೇರಿಸಿದರೆ ಕಿಟಕಿ ಎಡಗಡೆ ಮೇಲಿನ ಮೂಲೆಗೆ ಹೋಗಿ ಕೂರುತ್ತದೆ, -0-0 ಅಂದರೆ ಬಲಗಡೆ ಕೆಳಗಿನ ಮೂಲೆ. ಈ ಪ್ಲಸ್ ಮೈನಸ್ ಅಂಕಿಗಳು ಮಾತ್ರ ಪಿಕ್ಸೆಲ್ ಲೆಕ್ಕ. ನಾನು ಕ್ಲಾಸಿನಲ್ಲಿ ಎಡಕ್ಕೆ ಪ್ರೋಗ್ರಾಂ ಬರೆಯುವ ಕಿಟಕಿ, ಬಲಕ್ಕೆ ಓಡಿಸುವ ಕಿಟಕಿ ಇಡುತ್ತೇನೆ. ಮೌಸ್ ಹಿಡಿದು ಎಳೆಯುತ್ತಾ ಐದು ನಿಮಿಷ ಕಳೆಯುವುದು ಈಗ ತಪ್ಪಿದೆ.

ಎಲ್ಲಕ್ಕಿಂತ ಜಾಸ್ತಿ ಮಕ್ಕಳನ್ನು ಹೆದರಿಸುವುದು "-ಇ" ಆಪ್ಷನ್. ಅದರ ಮುಂದೆ ಒಂದು ಪ್ರೋಗ್ರಾಂ ಹೆಸರು ಕೊಟ್ಟರೆ ಕಿಟಕಿ ಅದನ್ನೇ ಓಡಿಸುತ್ತಾ ತೆರೆಯುತ್ತದೆ. ಸಿ ಭಾಷೆಯಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆದ ಹುಡುಗ ಅದನ್ನು ಹೀಗೆ ಓಡಿಸಿದ. ಸಂಖ್ಯೆ ಕೊಟ್ಟು ಎಂಟರ್ ಒತ್ತಿದ ಕೂಡಲೇ ಕಿಟಕಿ ಮಾಯ. ಉತ್ತರ ಬಂತೋ ಇಲ್ಲವೋ ಗೊತ್ತಿಲ್ಲ. ಪ್ರೋಗ್ರಾಂ ಕೆಟ್ಟಿದೆ ಅಂದುಕೊಂಡು ಸರಿಯಾಗಿದ್ದ ಕೋಡನ್ನೇ ಮೂರು ಸಲ ಅಳಿಸಿ ಬರೆದಿದ್ದ, ಪಾಪ. ಅವನ ಪ್ರೋಗ್ರಾಂ ಉತ್ತರ ಹೇಳಿತ್ತು, ಹೇಳಿ ಮುಗಿದ ಕೂಡಲೇ ಕಿಟಕಿಯ ಕೆಲಸವೂ ಮುಗಿದು ಅದು ಮುಚ್ಚಿಕೊಂಡಿತ್ತು, ಅಷ್ಟೇ. "-ಹೋಲ್ಡ್" ಅಂತ ಒಂದು ಪದ ಸೇರಿಸಿದರೆ ಪ್ರೋಗ್ರಾಂ ಮುಗಿದರೂ ಕಿಟಕಿ ನಿಂತೇ ಇರುತ್ತದೆ, ನಾವೇ ಮುಚ್ಚುವವರೆಗೆ. ಮತ್ತೊಂದು ಎಚ್ಚರ, ಎಕ್ಸ್‌ಟರ್ಮ್‌ನಲ್ಲಿ -ಇ ಯಾವಾಗಲೂ ಕಡೆಗೆ ಬರಬೇಕು. ಅದರ ನಂತರ ಬರೆದದ್ದೆಲ್ಲ ಒಳಗಿನ ಪ್ರೋಗ್ರಾಂಗೆ ಹೋಗುತ್ತದೆ. ಕಡೆಯಲ್ಲಿ -ಎಫ್‌ಎಸ್ 24 ಅಂತ ಬರೆದರೆ ಕಿಟಕಿಗೆ ಅದು ಕೇಳಿಸುವುದೇ ಇಲ್ಲ.

ಈಗ ನನ್ನಿಂದಲೇ ಆದ ಒಂದು ಅನಾಹುತ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಇಂಟರ್ನಲ್ಸ್ ನಡೆಯುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಮಕ್ಕಳ ಫೈಲೆಲ್ಲ ಒಂದೇ ಸರ್ವರ್ ಮೇಲೆ. ನನ್ನ ಮೇಜಿನ ಮೇಲೆ ಎರಡು ಕಿಟಕಿ ಪಕ್ಕಪಕ್ಕ ತೆರೆದಿದ್ದವು. ಒಂದು ನನ್ನ ಮೆಷಿನ್‌ದು, ಇನ್ನೊಂದು ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಲ್ಲಿ ಬೇರೆ ಮೆಷಿನ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಮೂಲಕ ಸರ್ವರ್ ಒಳಗೆ ಹೋದದ್ದು. ಎರಡೂ ಕಪ್ಪು, ಎರಡೂ ಒಂದೇ ಅಳತೆ. ನನ್ನ ಮೆಷಿನ್ ನಿಧಾನ ಆಗಿದೆ ಅಂತ ರೀಬೂಟ್ ಕಮಾಂಡ್ ಕೊಟ್ಟೆ. ಕೊಟ್ಟಿದ್ದು ಸರ್ವರ್ ಕಿಟಕಿಯಲ್ಲಿ. ಲ್ಯಾಬಿನಲ್ಲಿ ಒಬ್ಬೊಬ್ಬರಾಗಿ ತಲೆ ಎತ್ತಿ ನನ್ನ ಕಡೆ ನೋಡಿದರು. ಆ ಮೌನ ನನಗೆ ಇವತ್ತಿಗೂ ನೆನಪಿದೆ. ಸೇವ್ ಮಾಡದ ಮಕ್ಕಳ ಕೋಡ್ ಹೋಯಿತು, ಪರೀಕ್ಷೆ ಇನ್ನೊಂದು ದಿನಕ್ಕೆ ಹಾಕಬೇಕಾಯಿತು, ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು ಅದಕ್ಕೋಸ್ಕರ ಮತ್ತೆ ಬಂದರು.

ಆವತ್ತಿನಿಂದ ನನ್ನ ಸರ್ವರ್ ಕಿಟಕಿ ತೆರೆಯುವುದೇ ಬೇರೆ ಸಾಲಿನಿಂದ. ಎಕ್ಸ್‌ಟರ್ಮ್ -ಬಿಜಿ ಡಾರ್ಕ್‌ರೆಡ್ -ಎಫ್‌ಜಿ ವೈಟ್ -ಎಫ್‌ಎ ಮಾನೊಸ್ಪೇಸ್ -ಎಫ್‌ಎಸ್ 16 -ಇ ಎಸ್‌ಎಸ್‌ಎಚ್, ಅದರ ಮುಂದೆ ಸರ್ವರ್ ಹೆಸರು. ಕಡು ಕೆಂಪು ಕಿಟಕಿ ಕಂಡರೆ ಕೈ ತಾನಾಗೇ ನಿಲ್ಲುತ್ತದೆ. "-ಟಿ" ಕೊಟ್ಟು ಕಿಟಕಿಗೆ ಹೆಸರೂ ಇಡಬಹುದು, ಆದರೆ ನಾವು ಬರೆದ ಕಮಾಂಡ್ ಓದಿ ನಡೆಸುವ ಬ್ಯಾಶ್ ಅನ್ನುವ ಪ್ರೋಗ್ರಾಂ, ಉಬುಂಟುವಿನಲ್ಲಿ ಅದರ ಪ್ರಾಂಪ್ಟ್ ಬಂದ ಕೂಡಲೇ ಆ ಹೆಸರನ್ನು ಬದಲಿಸಿ ತನ್ನದನ್ನು ಹಾಕಿಬಿಡುತ್ತದೆ. ಅದಕ್ಕೆ ನಾನು ಹೆಸರು ನಂಬುವುದಿಲ್ಲ, ಬಣ್ಣ ನಂಬುತ್ತೇನೆ. ಇಷ್ಟುದ್ದ ಸಾಲನ್ನು ದಿನಾ ಬರೆಯಬೇಕಾಗಿಯೂ ಇಲ್ಲ. ಮನೆ ಫೋಲ್ಡರಿನ ಡಾಟ್ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಅಲಿಯಾಸ್ ಮಾಡಿ ಒಂದು ಚಿಕ್ಕ ಹೆಸರು ಕೊಟ್ಟರೆ ಆಯಿತು. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಒಂದು ಶಾರ್ಟ್‌ಕಟ್‌ಗೂ ಇದೇ ಸಾಲು ಕೊಡಬಹುದು.

ಎಲ್ಲ ಟರ್ಮಿನಲ್‌ಗೂ ಇದೇ ಆಪ್ಷನ್ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಉಬುಂಟುವಿನಲ್ಲಿ ಬಹಳ ವರ್ಷದಿಂದ ಬರುತ್ತಿದ್ದ ಗ್ನೋಮ್ ಟರ್ಮಿನಲ್‌ಗೆ ಉದ್ದ ಆಪ್ಷನ್ ಎಲ್ಲಕ್ಕೂ ಎರಡು ಮೈನಸ್ ಬೇಕು, ಎಫ್‌ಎಸ್ ಬದಲು --ಝೂಮ್=2 ಅಂತ ಕೊಡಬೇಕು, ಓಡಿಸುವ ಪ್ರೋಗ್ರಾಂ ಹೆಸರಿನ ಹಿಂದೆ ಬರೀ ಎರಡು ಮೈನಸ್ ಇಟ್ಟು ಜಾಗ ಬಿಡಬೇಕು. ಹೋಲ್ಡ್ ಅನ್ನುವುದು ಅಲ್ಲಿ ಆಪ್ಷನ್ ಆಗಿ ಇಲ್ಲ, ಪ್ರೊಫೈಲ್ ಸೆಟ್ಟಿಂಗ್ ಒಳಗೆ ಹೋಗಿ ಹಾಕಬೇಕು. ಕಾನ್ಸೋಲ್, ಎಕ್ಸ್‌ಎಫ್‌ಸಿಇ ಟರ್ಮಿನಲ್ ಅನ್ನುವ ಬೇರೆ ಟರ್ಮಿನಲ್‌ಗಳಲ್ಲಿ --ಹೋಲ್ಡ್ ಇದೆ. ಒಂದೊಂದಕ್ಕೆ ಒಂದೊಂದು ಆಡುಮಾತು, ನಮ್ಮ ಜಿಲ್ಲೆಗಳ ಕನ್ನಡದ ಹಾಗೆ. ಎಕ್ಸ್‌ಟರ್ಮ್‌ನಲ್ಲಿ ಮೈನಸ್ ಎಸ್‌ಬಿ ಅಂದರೆ ಸ್ಕ್ರೋಲ್ ಪಟ್ಟಿ ಬರುತ್ತದೆ, ಪ್ಲಸ್ ಎಸ್‌ಬಿ ಅಂದರೆ ಹೋಗುತ್ತದೆ, ನೋಡಿ, ನಾವು ಅಂದುಕೊಳ್ಳುವುದಕ್ಕೆ ಪೂರಾ ಉಲ್ಟಾ. ಇದನ್ನೆಲ್ಲ ಬಾಯಿಪಾಠ ಮಾಡಿಸುವುದು ಬೇಡ. ಹೆಸರಿನ ಮುಂದೆ ಹೆಲ್ಪ್ ಅಂತ ಕೇಳುವುದನ್ನು, ಮ್ಯಾನ್ ಪೇಜ್‌ನಲ್ಲಿ ಸ್ಲ್ಯಾಷ್ ಒತ್ತಿ ಹುಡುಕುವುದನ್ನು ಕಲಿಸಿದರೆ ಮಿಕ್ಕಿದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಕನ್ನಡದ ಬಗ್ಗೆಯೂ ಒಂದು ನೋವು ಇದೆ. ಫೈಲಿಗೆ "ಅಮ್ಮ" ಅಂತ ಹೆಸರಿಟ್ಟರೆ ಎಕ್ಸ್‌ಟರ್ಮ್‌ನಲ್ಲಿ ಮ ಒತ್ತು ಕೆಳಗೆ ಇಳಿಯುವುದಿಲ್ಲ. ಟರ್ಮಿನಲ್ ಪರದೆಯನ್ನು ಚೌಕುಳಿ ಕಾಗದದ ಹಾಗೆ ಮನೆ ಮಾಡಿಕೊಂಡು ಒಂದೊಂದು ಮನೆಗೆ ಒಂದೊಂದು ಅಕ್ಷರ ಕೂರಿಸುತ್ತದೆ, ನಮ್ಮ ಒತ್ತಕ್ಷರ ಆ ಮನೆಗೆ ಹೊಂದುವುದಿಲ್ಲ. ಇದಕ್ಕೆ ಯಾವ ಆಪ್ಷನ್ನೂ ಇಲ್ಲ. ಕೋಡ್ ಬರೆಯಬಲ್ಲ ಕನ್ನಡದ ಹುಡುಗರು ಇದರ ಮೇಲೆ ಕೂರಬೇಕು ಅಂತ ನನ್ನ ಬಹಳ ದಿನದ ಆಸೆ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟು. ತಂತ್ರಜ್ಞಾನದ ಪುಟದಲ್ಲಿ ವಾರಕ್ಕೆ ಎರಡು ಕಾಲಂ ಇಂಥ ವಿಷಯಕ್ಕೆ ಬಿಡಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷ್ ಮ್ಯಾನುಯಲ್ ಮುಂದೆ ಸುಮ್ನೆ ಕೂತುಬಿಡುತ್ತಾರೆ, ಅವರ ಕೈಗೆ ಪತ್ರಿಕೆ ಸಿಗುತ್ತದೆ. ಲ್ಯಾಬ್ ಮ್ಯಾನುಯಲ್ ಬರೆಯುವ ಮೇಷ್ಟ್ರುಗಳಲ್ಲೂ ಒಂದು ವಿನಂತಿ. ಮೊದಲ ಪ್ರಯೋಗದಲ್ಲಿ ತಾರೀಖು, ಕ್ಯಾಲೆಂಡರ್ ತೋರಿಸುವ ಡೇಟ್, ಕ್ಯಾಲ್ ಅನ್ನುವ ಕಮಾಂಡ್‌ಗಳಿಗೂ ಮುಂಚೆ ಟರ್ಮಿನಲ್ ತೆರೆಯುವ ಒಂದು ಸಾಲು ಹಾಕಿ, ಎಫ್‌ಎಸ್ ಮುಂದಿನ ಅಂಕಿಯನ್ನು ಮಕ್ಕಳೇ ಬದಲಿಸಿ ನೋಡಲಿ. ಪಾಠ ಶುರು ಮಾಡುವ ಮುಂಚೆ ಪರದೆಯಲ್ಲಿ ಒಂದು ಎಲ್ ಮತ್ತು ಒಂದು 1 ಪಕ್ಕಪಕ್ಕ ಬರೆದು, ಹಿಂದಿನ ಬೆಂಚಿನ ತನಕ ನಡೆದುಹೋಗಿ ಅಲ್ಲಿಂದ ಒಮ್ಮೆ ನೋಡಿ. ನಾನು ಈಗ ಪ್ರತಿ ಬ್ಯಾಚಿಗೂ ಹಾಗೇ ಮಾಡುತ್ತೇನೆ, ನಮ್ಮ ಲ್ಯಾಬಿಗೆ 24 ಸಾಕಾಗುತ್ತದೆ, ಮೋಡ ಇಲ್ಲದ ದಿನ 28.

ಇಂತಿ,
ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್,
ಹಾಸನ ಜಿಲ್ಲೆ